ಕೈಕೊಡದ ಗಾಡಿ ಯಾವುದು?

ಮಳೆಗಾಲಕ್ಕೆ ಇನ್ನೊಂದು ತಿಂಗಳಿದೆ ಅನ್ನುವಾಗ ಕಳಸದ ಸುತ್ತಮುತ್ತ ಎರಡು ಪ್ರಶ್ನೆ ಏಳುತ್ತವೆ. ತೋಟಕ್ಕೆ ಔಷಧಿ ಯಾವಾಗ ಹೊಡೆಯೋದು ಅನ್ನೋದು ಒಂದು. ಗಾಡಿ ಬದಲಾಯಿಸೋದಾ, ಇಲ್ಲ ಇದ್ದದ್ದನ್ನೇ ಇನ್ನೊಂದು ಮಳೆ ದಾಟಿಸೋದಾ ಅನ್ನೋದು ಇನ್ನೊಂದು. ಮೊದಲನೆಯದಕ್ಕೆ ಉತ್ತರ ಹೇಳೋಕೆ ಕಾಫಿ ಬೋರ್ಡಿನವರಿದ್ದಾರೆ. ಎರಡನೆಯದಕ್ಕೆ ಊರಿಗೆ ಊರೇ ಇದೆ.

ಮೊನ್ನೆ ಸಂಸೆ ಕಡೆಯ ಪರಿಚಯದವರೊಬ್ಬರು ಬಂದಿದ್ದರು. ಟಾರು ರಸ್ತೆ ಬಿಟ್ಟು ಮೂರು ಕಿಲೋಮೀಟರ್ ಮೇಲೆ ಹತ್ತಿದರೆ ಅವರ ಮನೆ. ಮೂರೂವರೆ ಎಕರೆ ತೋಟ, ಮನೆಯಲ್ಲಿ ಹೃದಯದ ಕಾಯಿಲೆಯ ತಾಯಿ. ತಿಂಗಳಿಗೊಮ್ಮೆ ಮಣಿಪಾಲಕ್ಕೆ ಹೋಗಬೇಕು. ಕುದುರೆಮುಖ, ಕಾರ್ಕಳದ ಮೇಲೆ ನೂರು ಕಿಲೋಮೀಟರಿನ ಆಚೀಚೆ. ಕೈಯಲ್ಲಿ ನಾಲ್ಕು ಲಕ್ಷ ಇದೆ, ಸೆಕೆಂಡ್ ಹ್ಯಾಂಡ್ ಗಾಡಿ ಮೂರು ನೋಡಿಟ್ಟಿದ್ದಾರೆ. ಮೂರಕ್ಕೂ ಹೆಚ್ಚುಕಮ್ಮಿ ಒಂದೇ ವಯಸ್ಸು. ಒಂದಕ್ಕೆ ಮಾತ್ರ ಉಳಿದೆರಡಕ್ಕಿಂತ ಒಂದು ಲಕ್ಷ ಜಾಸ್ತಿ. ಯಾಕೆ ಅಂದರೆ, "ಆ ಕಂಪನಿ ಗಾಡಿ ಕೈಕೊಡಲ್ಲ ಅಂತಾರಲ್ಲ ಮಾರಾಯ್ರೆ, ಹೌದಾ?"

ನಾನು ಮೆಕ್ಯಾನಿಕ್ ಅಲ್ಲ. ಹಳೇ ಕಾಗದಪತ್ರ, ಹಳೇ ಗಾಡಿ ಎರಡರ ಹುಚ್ಚೂ ಇರುವ ಮನುಷ್ಯ. ಆ ಒಂದು ಲಕ್ಷ ರೂಪಾಯಿ ಅಂದರೆ ನಿಜವಾಗಿ ಯಾವುದಕ್ಕೆ ಕೊಡೋ ದುಡ್ಡು? ಕಬ್ಬಿಣಕ್ಕಾ, ಹೆಸರಿಗಾ? ಅವರಿಗೆ ಕಾಫಿ ಕೊಟ್ಟು ಕಳಿಸಿದ ಮೇಲೂ ಇದೇ ತಲೆಯಲ್ಲಿ ಕೂತುಬಿಟ್ಟಿತು.

ನಮ್ಮ ಘಟ್ಟದಲ್ಲಿ ಹೆಸರು ಅಂದರೆ ಮೊದಲು ಜೀಪು. ಬೇರೆ ಕಡೆ ದೇವರ ಮೇಲೆ ಆಣೆ ಇಡುವ ಜಾಗದಲ್ಲಿ ಇಲ್ಲಿ ಜೀಪಿನ ಮೇಲೆ ಇಡುವವರಿದ್ದಾರೆ. ಆ ಜೀಪಿನ ಹುಟ್ಟಿನ ಕಥೆ ನೋಡಿದರೆ ಹೆಸರಿನ ಲೆಕ್ಕ ಅಲ್ಲೇ ತಪ್ಪಿದೆ. 1940ರಲ್ಲಿ ಅಮೆರಿಕದ ಸೈನ್ಯ ಒಂದು ಪುಟ್ಟ ನಾಲ್ಕು ಚಕ್ರದ ಡ್ರೈವಿನ ಗಾಡಿ ಬೇಕು ಅಂತ ನೂರಕ್ಕೂ ಹೆಚ್ಚು ಕಂಪನಿಗಳನ್ನು ಕೇಳಿತು. ಸಮಯಕ್ಕೆ ಸರಿಯಾಗಿ ಮಾದರಿ ತಂದು ನಿಲ್ಲಿಸಿದ್ದು ಅಮೆರಿಕನ್ ಬ್ಯಾಂಟಮ್ ಅನ್ನುವ, ಆಗಲೇ ಮುಳುಗುತ್ತಿದ್ದ ಸಣ್ಣ ಕಂಪನಿ. ಕಾರ್ಲ್ ಪ್ರಾಬ್ಸ್ಟ್ ಅನ್ನುವ ಎಂಜಿನಿಯರ್ ನಕ್ಷೆ ಬರೆದು, ಅದೇ ವರ್ಷದ ಸೆಪ್ಟೆಂಬರಿನಲ್ಲಿ ಗಾಡಿ ಒಪ್ಪಿಸಿದ. ಇಷ್ಟು ಸಣ್ಣ ಕಂಪನಿಯಿಂದ ಸಾವಿರಗಟ್ಟಲೆ ಗಾಡಿ ಆಗೋದಿಲ್ಲ ಅಂತ ಸೈನ್ಯ ಆ ನಕ್ಷೆಯನ್ನು ವಿಲ್ಲಿಸ್ ಮತ್ತು ಫೋರ್ಡ್ ಕೈಗೂ ಕೊಟ್ಟಿತು. ವಿಲ್ಲಿಸ್ಸಿನ ಎಂಜಿನ್ ಮೂರರಲ್ಲಿ ಗಟ್ಟಿಯಾಗಿತ್ತು, ಅದು ಗೆದ್ದಿತು. ಯುದ್ಧ ಮುಗಿಯೋ ಹೊತ್ತಿಗೆ ವಿಲ್ಲಿಸ್, ಫೋರ್ಡ್ ಸೇರಿ ಆರು ಲಕ್ಷಕ್ಕಿಂತ ಹೆಚ್ಚು ಜೀಪು ಮಾಡಿದ್ದವು. ಬ್ಯಾಂಟಮ್ ಮಾಡಿದ್ದು ಮೂರು ಸಾವಿರಕ್ಕಿಂತ ಕಡಿಮೆ. ಆಮೇಲೆ ಟ್ರೇಲರ್ ಮಾಡಿಕೊಂಡು ಕೂತಿತು. ಜೀಪು ಅನ್ನುವ ಹೆಸರು ವಿಲ್ಲಿಸ್ಸಿನ ಪಾಲಾಯಿತು. ಒಬ್ಬನ ಗದ್ದೆ, ಇನ್ನೊಬ್ಬನ ಉಳುಮೆ, ಪಹಣಿಯಲ್ಲಿ ಮೂರನೆಯವನ ಹೆಸರು ಅಂತಾರಲ್ಲ, ಹಾಗೆ.

ಯುದ್ಧ ಮುಗಿದ ಮೇಲೆ ಸೈನ್ಯದ ಜೀಪುಗಳು ಹರಾಜಿಗೆ ಬಂದವು. 1940ರ ದಶಕದ ಕೊನೆಗೆ ಮಹೀಂದ್ರದವರು ವಿಲ್ಲಿಸ್ ಜೀಪಿನ ಬಿಡಿಭಾಗ ತರಿಸಿ ಮುಂಬೈಯಲ್ಲಿ ಜೋಡಿಸೋಕೆ ಶುರು ಮಾಡಿದರು, ಬರುಬರುತ್ತಾ ಇಲ್ಲೇ ತಯಾರಿಸಿದರು. ಕಾಫಿ ಸೀಮೆಗೆ ಇದು ಹೇಳಿ ಮಾಡಿಸಿದ ಗಾಡಿ. ತೋಟದ ರಸ್ತೆ ಅಂದರೆ ಎತ್ತಿನ ಗಾಡಿಯ ಎರಡು ಗೆರೆ. ಅದರಲ್ಲಿ ಕಾರು ಹೊಟ್ಟೆ ಉಜ್ಜಿಕೊಂಡು ನಿಲ್ಲುತ್ತಿತ್ತು, ಜೀಪು ಹತ್ತುತ್ತಿತ್ತು. ಹಾಗಾಗಿ ಜೀಪಿನ ಮೊದಲ ಕೀರ್ತಿ ಕೆಡೋದಿಲ್ಲ ಅನ್ನೋದಕ್ಕಲ್ಲ, ಹೋಗುತ್ತೆ ಅನ್ನೋದಕ್ಕೆ. ಎರಡೂ ಬೇರೆ ಬೇರೆ. ಕಾಲ ಕಳೆದಂತೆ ಎರಡನ್ನೂ ನಾವು ಒಂದೇ ಚೀಲಕ್ಕೆ ತುಂಬಿದೆವು.

ಯಾಕೆಂದರೆ ಆ ಕಾಲದ ಪೆಟ್ರೋಲ್ ಜೀಪು ಕೆಡುತ್ತಿತ್ತು. ಚೆನ್ನಾಗಿಯೇ ಕೆಡುತ್ತಿತ್ತು. ಕುದುರೆಮುಖದ ಸುತ್ತ ವರ್ಷಕ್ಕೆ ಆರೇಳು ಸಾವಿರ ಮಿಲಿಮೀಟರ್ ಮಳೆ ಬೀಳುವ ಜಾಗಗಳಿವೆ. ಡಿಸ್ಟ್ರಿಬ್ಯೂಟರ್ ಮುಚ್ಚಳದ ಒಳಗೆ ಸ್ವಲ್ಪ ತೇವ ಕೂತರೂ ಕಿಡಿ ಹಾರಬೇಕಾದ ಕಡೆ ಹಾರದೆ ಎಂಜಿನ್ ಸತ್ತುಹೋಗುತ್ತಿತ್ತು. ಡ್ರೈವರುಗಳು ಆ ಮುಚ್ಚಳ ಬಿಚ್ಚಿ ಅಂಗಿ ತುದಿಯಲ್ಲಿ ಒರೆಸಿ, ಬೆಂಕಿಕಡ್ಡಿ ಗೀರಿ ಬಿಸಿ ತೋರಿಸಿ ಮತ್ತೆ ಹಾಕೋರು. ಮನೆಯಿಂದ ಹೊರಡೋ ಮೊದಲು ಅದಕ್ಕೆ ಸೈಕಲ್ ಟ್ಯೂಬಿನ ತುಂಡು ಸುತ್ತೋರು. ಆಮೇಲೆ ಡೀಸೆಲ್ ಎಂಜಿನ್ ಬಂತು. ಮೊದಲು ಇಂಟರ್‌ನ್ಯಾಷನಲ್ ಟ್ರ್ಯಾಕ್ಟರಿನ ಮೂಲದ್ದು, 1980ರ ದಶಕದಲ್ಲಿ ಫ್ರಾನ್ಸಿನ ಪ್ಯೂಜೊ ಕಂಪನಿಯ ವಿನ್ಯಾಸದ್ದು, ಎಂಎಂ 540 ಜೀಪಿನಲ್ಲಿ ಇದ್ದದ್ದು. ಡೀಸೆಲ್ ಎಂಜಿನ್ನಿಗೆ ಕಿಡಿಯೇ ಬೇಡ. ಗಾಳಿಯನ್ನು ಹಿಂಡಿ ಬಿಸಿ ಮಾಡಿ, ಅದರೊಳಗೆ ಎಣ್ಣೆ ಚಿಮ್ಮಿಸಿದರೆ ಅದೇ ಹೊತ್ತಿಕೊಳ್ಳುತ್ತೆ. ಪ್ಲಗ್ಗಿಲ್ಲ, ಡಿಸ್ಟ್ರಿಬ್ಯೂಟರ್ ಇಲ್ಲ, ಮಳೆ ಒದ್ದೆ ಮಾಡೋಕೆ ಅಲ್ಲಿ ಏನೂ ಇಲ್ಲ. ಮಳೆಗಾಲದಲ್ಲೂ ಜೀಪು ಕೈಕೊಡಲ್ಲ ಅನ್ನುವ ಮಾತು ಗಟ್ಟಿಯಾದದ್ದು ಆವಾಗ. ಅದು ರುಡಾಲ್ಫ್ ಡೀಸೆಲ್ಲನಿಗೆ ಸಲ್ಲಬೇಕಾದ ಹೊಗಳಿಕೆ. ಜೀಪು ತಗೊಂಡಿತು. ನೋಡಿ, ಅಮೆರಿಕದ ಸೈನ್ಯದ ಮೈ, ಟ್ರ್ಯಾಕ್ಟರಿನದೋ ಫ್ರಾನ್ಸಿನದೋ ಹೃದಯ, ಮುಂಬೈಯ ಕೈ. ಹೆಸರು ಮಾತ್ರ ಒಂದೇ.

ಇನ್ನೊಂದು ಕಾರಣ ಇದೆ, ನನಗೆ ಇದೇ ದೊಡ್ಡದು ಅನ್ನಿಸುತ್ತೆ. ಎತ್ತರದ ಬಾನೆಟ್ಟಿನ ಸಿಜೆ-3ಬಿ ಅನ್ನುವ ಮಾದರಿ ಅಮೆರಿಕದಲ್ಲಿ 1968ಕ್ಕೇ ನಿಂತುಹೋಯಿತು. ನಮ್ಮಲ್ಲಿ ಅದೇ ವಿನ್ಯಾಸ ಆಮೇಲೂ ದಶಕಗಟ್ಟಲೆ ನಡೆಯಿತು. ಲೈಸೆನ್ಸ್ ರಾಜ್ಯ, ಪೈಪೋಟಿ ಇಲ್ಲ, ಬದಲಾಯಿಸೋ ಜರೂರತ್ತೂ ಇಲ್ಲ. ಇದರ ಫಲ ಏನಾಯ್ತು ಅಂದರೆ ಅಪ್ಪನ ಜೀಪಿನ ಭಾಗ ಮಗನ ಜೀಪಿಗೆ ಆಗುತ್ತಿತ್ತು. ಕಳಸ, ಬಾಳೆಹೊನ್ನೂರು, ಕೊಟ್ಟಿಗೆಹಾರ, ಎಲ್ಲಿ ಹೋದರೂ ಅದನ್ನು ಕಣ್ಣುಮುಚ್ಚಿ ಬಿಚ್ಚುವ ಒಬ್ಬ ಮೇಸ್ತ್ರಿ ಇರುತ್ತಿದ್ದ. ಅಂಬಾಸಿಡರ್ ಕಥೆಯೂ ಅದೇ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಇಲ್ಲಿ ಅಂಬಾಸಿಡರ್ ಆಗಿ 1950ರ ದಶಕದಿಂದ 2014ರವರೆಗೆ ಬದುಕಿತು. ಹಾರನ್ ಒಂದು ಬಿಟ್ಟು ಉಳಿದೆಲ್ಲ ಭಾಗವೂ ಸದ್ದು ಮಾಡುತ್ತೆ ಅಂತ ಜೋಕು ಮಾಡುತ್ತಲೇ ಜನ ಅದನ್ನು ನಂಬಿದರು. ನಿಂತಲ್ಲೇ ನಿಂತ ಕಾರ್ಖಾನೆಯ ಸೋಮಾರಿತನ ಊರಿನ ಮೇಸ್ತ್ರಿಗಳಿಗೆ ಪಾಂಡಿತ್ಯವಾಗಿ ಬಂತು. ಆ ಪಾಂಡಿತ್ಯದ ಕೀರ್ತಿ ತಿರುಗಿ ಕಂಪನಿಗೆ ಹೋಯಿತು.

ಮೈಸೂರಿನ ಜಾವಾ, ಯೆಜ್ದಿಯನ್ನು ಬಿಟ್ಟರೆ ಈ ಮಾತು ಪೂರ್ತಿ ಆಗೋದಿಲ್ಲ. ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಚೆಕೊಸ್ಲೊವಾಕಿಯಾದ ವಿನ್ಯಾಸದ ಬೈಕನ್ನು 1961ರಿಂದ ಮಾಡಿತು, 1973ರಿಂದ ಯೆಜ್ದಿ ಅಂತ ಹೆಸರಾಯಿತು. ಟೂ ಸ್ಟ್ರೋಕ್ ಎಂಜಿನ್ನು. ಒಳಗೆ ವಾಲ್ವ್ ಇಲ್ಲ, ಎಣ್ಣೆ ಪಂಪಿಲ್ಲ. ಎಣ್ಣೆಯನ್ನು ಪೆಟ್ರೋಲಿಗೇ ಬೆರೆಸಿ ಹಾಕಿದರಾಯ್ತು. ಇಲ್ಲದ ಭಾಗ ಕೆಡೋದು ಹೇಗೆ? ಪ್ಲಗ್ ಬಿಚ್ಚಿ ಮರಳು ಕಾಗದದಲ್ಲಿ ಉಜ್ಜೋದು, ಪಾಯಿಂಟ್ ಸರಿ ಮಾಡೋದು ಕಾಲೇಜು ಹುಡುಗರಿಗೂ ಬರುತ್ತಿತ್ತು. ದಾರಿಯಲ್ಲಿ ನಾಲ್ಕು ಸಲ ನಿಂತು ನಾಲ್ಕು ಸಲವೂ ತಾನೇ ಸರಿಮಾಡಿಕೊಂಡು ಮನೆ ಸೇರಿದವನು "ಯೆಜ್ದಿ ಕೈಕೊಡಲ್ಲ" ಅಂತಾನೇ ಹೇಳುತ್ತಿದ್ದ. ಸುಳ್ಳು ಹೇಳುತ್ತಿರಲಿಲ್ಲ. ಅವನ ಲೆಕ್ಕದಲ್ಲಿ ಕೈಕೊಡೋದು ಅಂದರೆ ಮನೆ ಸೇರದೇ ಇರೋದು.

ಆ ಲೆಕ್ಕ ಬದಲಾದದ್ದು 1983ರಿಂದ 1986ರ ನಡುವೆ. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂತು. ಅದರ ಹಿಂದೆಯೇ ಸುಜುಕಿ, ಹೋಂಡಾ, ಯಮಾಹಾ, ಕವಾಸಕಿಗಳು ಒಬ್ಬೊಬ್ಬ ಭಾರತೀಯ ಪಾಲುದಾರನ ಕೈಹಿಡಿದು ಬೈಕು ತಂದವು. ಹೀರೋ ಹೋಂಡಾದವರು ಪೆಟ್ರೋಲ್ ತುಂಬಿಸಿ, ಮುಚ್ಚಿ, ಮರೆತುಬಿಡಿ ಅಂತ ಜಾಹೀರಾತು ಕೊಟ್ಟರು. ಮರೆತುಬಿಡಿ ಅನ್ನುವ ಆ ಮಾತಿನ ಹೊಸತನ ಈಗ ಊಹಿಸೋದು ಕಷ್ಟ. ಅಲ್ಲಿಯವರೆಗೆ ಗಾಡಿ ಅಂದರೆ ನೆನಪಿಟ್ಟುಕೊಳ್ಳಬೇಕಾದ ಜೀವ, ಮನೆಯ ಹಸುವಿನ ಹಾಗೆ. ಬೆಳಿಗ್ಗೆ ಎದ್ದು ಮುಟ್ಟಿ ನೋಡಬೇಕು. ಈಗ ಕೆಟ್ಟರೆ ಸರಿಮಾಡಬಹುದು ಅನ್ನುವ ಭರವಸೆ ಹೋಗಿ ಕೆಡೋದೇ ಇಲ್ಲ ಅನ್ನುವ ಭರವಸೆ ಬಂತು. ಯೆಜ್ದಿ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. ಪದ ಮಾತ್ರ ಬದಲಾಗಲಿಲ್ಲ. ಇವತ್ತಿಗೂ ಎರಡಕ್ಕೂ "ಕೈಕೊಡಲ್ಲ" ಅಂತಲೇ ಹೇಳುತ್ತೇವೆ, ಮೋಸ ಹೋಗೋದೂ ಅಲ್ಲೇ.

ಇದು ನನಗೆ ಅರ್ಥವಾದದ್ದು ಪುಸ್ತಕದಿಂದ ಅಲ್ಲ. ಕೆಲವು ವರ್ಷದ ಹಿಂದಿನ ಜುಲೈ. ಅಪ್ಪನಿಗೆ ರಾತ್ರಿ ಎದೆನೋವು ಬಂತು. ನನ್ನ ಹತ್ತಿರ ಒಳ್ಳೇ ಹೆಸರಿನ ಕಂಪನಿಯ ಸೆಕೆಂಡ್ ಹ್ಯಾಂಡ್ ಕಾರಿತ್ತು. ಕಂಪನಿ ಯಾವುದು ಅನ್ನೋದು ಬೇಡ, ತಪ್ಪು ಅದರದ್ದಲ್ಲ ಅಂತ ಆಮೇಲೆ ಗೊತ್ತಾಯಿತು. ಕುದುರೆಮುಖ ದಾಟಿ ಎಸ್.ಕೆ. ಬಾರ್ಡರ್ ಕಡೆ ಹೋಗುವ ಕಾಡಿನ ದಾರಿಯಲ್ಲಿ, ಫೋನಿಗೆ ಒಂದು ಗೆರೆಯೂ ಸಿಗ್ನಲ್ ಇಲ್ಲದ ಕಡೆ, ಬೋರ್ಡಿನಲ್ಲಿ ಒಂದು ಹಳದಿ ದೀಪ ಹತ್ತಿ ಎಂಜಿನ್ ನಿಂತಿತು. ಬಾನೆಟ್ ಎತ್ತಿದೆ. ಒಳಗೆ ಕಪ್ಪು ಪ್ಲಾಸ್ಟಿಕ್ ಮುಚ್ಚಳ. ಬಿಚ್ಚೋಕೆ ಏನೂ ಇಲ್ಲ, ಒರೆಸೋಕೆ ಏನೂ ಇಲ್ಲ. ಮುಕ್ಕಾಲು ಗಂಟೆ ನಿಂತೆವು. ಹಿಂದಿನ ಸೀಟಿನಲ್ಲಿ ಅಪ್ಪ ಬೆವರುತ್ತಾ "ಮಳೆ ಜೋರಾಯ್ತಲ್ಲ" ಅಂತ ಮಾತ್ರ ಹೇಳಿದರು.

ಕೊನೆಗೆ ಒಂದು ಹಳೇ ಡೀಸೆಲ್ ಗಾಡಿ ಬಂತು, ಹಿಂದೆ ಖಾಲಿ ಟ್ರೇಗಳು. ಅಪ್ಪನನ್ನು ಅದಕ್ಕೆ ಹತ್ತಿಸಿದೆವು. ಇನ್ನೇನು ಮಾಳ ಬರಬೇಕು, ಅದೂ ಗುರುಗುಟ್ಟಿ ನಿಂತಿತು! ಡ್ರೈವರ್ ಹುಡುಗ ಬೈಯಲೂ ಇಲ್ಲ, ಗಾಬರಿಯಾಗಲೂ ಇಲ್ಲ. ಸೀಟಿನಡಿಯಿಂದ ಒಂದು ಹದಿಮೂರನೇ ನಂಬರಿನ ಸ್ಪ್ಯಾನರ್ ತೆಗೆದ. ಡೀಸೆಲ್ ಲೈನಿನಲ್ಲಿ ಗಾಳಿ ಸೇರಿಕೊಂಡಿದೆ ಅಂದ. ಫಿಲ್ಟರಿನ ಮೇಲಿನ ಸ್ಕ್ರೂ ಸಡಿಲ ಮಾಡಿ, ಪಕ್ಕದ ಕೈಪಂಪನ್ನು ಒತ್ತಿ ಒತ್ತಿ, ಗುಳ್ಳೆ ಬರೋದು ನಿಂತ ಮೇಲೆ ಬಿಗಿ ಮಾಡಿದ. ನಾನು ಟಾರ್ಚ್ ಹಿಡಿದಿದ್ದೆ. ಹತ್ತು ನಿಮಿಷ ಆಗಿರಬಹುದು. ಅಪ್ಪ ಉಳಿದರು. ಆಸ್ಪತ್ರೆಯವರು ಇನ್ನೊಂದು ಗಂಟೆ ತಡವಾಗಿದ್ದರೆ ಅಂತ ಶುರುಮಾಡಿದ ವಾಕ್ಯ ನಾನು ಪೂರ್ತಿ ಕೇಳಿಸಿಕೊಳ್ಳಲಿಲ್ಲ.

ಆ ರಾತ್ರಿ ಎರಡು ಗಾಡಿ ಕೆಟ್ಟವು. ಅಂಕಿಅಂಶ ಬರೆಯುವವನ ಪುಸ್ತಕದಲ್ಲಿ ಎರಡಕ್ಕೂ ಒಂದೊಂದು ಗೆರೆ. ನನ್ನ ಮನೆಯಲ್ಲಿ ಈಗಲೂ ಒಂದು ಕೈಕೊಟ್ಟದ್ದು, ಇನ್ನೊಂದು ಕಾಪಾಡಿದ್ದು. ಕಾರನ್ನು ಆಮೇಲೆ ಎಳೆದುಕೊಂಡು ಬಂದು ತೋರಿಸಿದರೆ, ಮೇಸ್ತ್ರಿ ನೋಡಿ ಹೇಳಿದ್ದು: "ಕಂಪನಿ ಒಳ್ಳೇದೇ. ಹಿಂದಿನ ಓನರ್ ಮೂರು ವರ್ಷ ಫಿಲ್ಟರ್ ಮುಟ್ಟಿಲ್ಲ. ನೀವು ಹೆಸರು ನೋಡಿ ತಗೊಂಡ್ರಿ, ಅವ್ರು ಹೆಸರು ನಂಬ್ಕೊಂಡು ಸರ್ವಿಸ್ ಮಾಡಿಸ್ಲಿಲ್ಲ." ಒಳ್ಳೇ ಹೆಸರು ಗಾಡಿಯನ್ನೇ ಹಾಳು ಮಾಡಬಹುದು ಅಂತ ಅವತ್ತಿನವರೆಗೆ ನನಗೆ ಹೊಳೆದಿರಲಿಲ್ಲ.

ಹಾಗಾದರೆ ಕಂಪನಿಯ ಹೆಸರೆಲ್ಲ ಬರೀ ಭ್ರಮೆಯಾ? ಹಾಗೂ ಹೇಳೋಕಾಗಲ್ಲ. ಟೊಯೊಟಾವನ್ನೇ ತಗೊಳ್ಳಿ. ಇವರ ಹೆಸರು ಜಗತ್ತಿಗೆಲ್ಲ ಗೊತ್ತು. ಇದೇ ಟೊಯೊಟಾ 1980ರ ದಶಕದಲ್ಲಿ ಡಿಸಿಎಂ ಕಂಪನಿಯ ಜೊತೆ ಸೇರಿ ಭಾರತದಲ್ಲಿ ಸಣ್ಣ ಲಾರಿ ಮಾಡಿತ್ತು ಅನ್ನೋದು ಎಷ್ಟು ಜನಕ್ಕೆ ನೆನಪಿದೆ? ನಿಸ್ಸಾನ್, ಮಜ್ದಾ, ಮಿತ್ಸುಬಿಷಿ ಎಲ್ಲ ಹಾಗೇ ಬಂದಿದ್ದವು. 1986ರಲ್ಲಿ ಟಾಟಾದವರು 407 ಬಿಟ್ಟರು. ಜಪಾನಿನವರ ಲಾರಿ ನಯವಾಗಿ ಓಡುತ್ತಿತ್ತು. ಆದರೆ ಯೆನ್ ಬೆಲೆ ಏರಿ ಬಿಡಿಭಾಗ ದುಬಾರಿಯಾಯಿತು. ನಮ್ಮವರು ಹೇರೋ ಲೋಡಿನ ಲೆಕ್ಕ ಜಪಾನಿನ ಎಂಜಿನಿಯರ್ ಕನಸಿನಲ್ಲೂ ಕಂಡಿರಲಿಲ್ಲ. 407ಕ್ಕೆ ಯಾವ ಹಳ್ಳಿಯಲ್ಲೂ ಪಟ್ಟಿ ಸಿಗುತ್ತಿತ್ತು, ಬೆಸುಗೆ ಹಾಕುವವನೂ ಸಿಗುತ್ತಿದ್ದ. 1990ರ ದಶಕದ ಮಧ್ಯಕ್ಕೆ ಡಿಸಿಎಂ ಟೊಯೊಟಾ ಕೊರಿಯಾದ ಡೇವೂ ಪಾಲಾಯಿತು. ಅದೇ ಟೊಯೊಟಾ, ಜಗತ್ತು ಹೊಗಳುವ ಅದೇ ಕಾರ್ಖಾನೆ ಪದ್ಧತಿ. ಭಾರತದ ರಸ್ತೆಯಲ್ಲಿ ನಡೆಯಲಿಲ್ಲ.

ಆಮೇಲೆ ಅವರೇ 1997ರಲ್ಲಿ ಕಿರ್ಲೋಸ್ಕರ್ ಜೊತೆ ಬಿಡದಿಗೆ ಬಂದರು. 2000ದ ಜನವರಿಯಲ್ಲಿ ಕ್ವಾಲಿಸ್ ಹೊರಬಂತು. ಇಂಡೋನೇಷ್ಯಾದಲ್ಲಿ ಕಿಜಾಂಗ್ ಅಂತ ಓಡಿ ಹಳತಾಗಿದ್ದ ಗಾಡಿ. ನೋಡೋಕೆ ಬ್ರೆಡ್ಡಿನ ಡಬ್ಬಿ ಅಂತ ಪತ್ರಿಕೆಯವರು ನಕ್ಕರು. ಹೊರನಾಡಿಗೆ, ಧರ್ಮಸ್ಥಳಕ್ಕೆ ಬಾಡಿಗೆ ಹೊಡೆಯೋರು ನಗಲಿಲ್ಲ. 2.4 ಲೀಟರಿನ ದೊಡ್ಡ ಡೀಸೆಲ್ ಎಂಜಿನ್ನಿನಿಂದ ಬರೀ 75 ಅಶ್ವಶಕ್ತಿ ತೆಗೆದಿದ್ದರು. ಹತ್ತು ಮೂಟೆ ಹೊರಬಲ್ಲ ಆಳಿಗೆ ನಾಲ್ಕೇ ಮೂಟೆ ಹೊರಿಸಿದ ಹಾಗೆ. ಅಂಥ ಎಂಜಿನ್ ಸವೆಯೋದು ನಿಧಾನ. ಜೊತೆಗೆ ಬೇರೆ ದೇಶದಲ್ಲಿ ವರ್ಷಗಟ್ಟಲೆ ಓಡಿ ತಪ್ಪುಗಳೆಲ್ಲ ಮೊದಲೇ ಹೊರಬಿದ್ದಿದ್ದವು. 2005ರ ಹೊತ್ತಿಗೆ ಇನ್ನೋವಾಗೆ ಜಾಗ ಬಿಟ್ಟು ಹೋದ ಆ ಕ್ವಾಲಿಸ್ ಇವತ್ತಿಗೂ ನಮ್ಮ ಘಟ್ಟದಲ್ಲಿ ಕಾಣಸಿಗುತ್ತೆ. ಈ ಹೆಸರು ನ್ಯಾಯವಾಗಿ ಸಂಪಾದಿಸಿದ್ದು ಅಂತ ನಾನು ಒಪ್ಪುತ್ತೇನೆ. ಆದರೆ ಯಾರು ಸಂಪಾದಿಸಿದ್ದು? ಆ ಎಂಜಿನ್ನು, ಆ ಚಾಸಿ.

2019ರಲ್ಲಿ ಇದಕ್ಕೊಂದು ಪರೀಕ್ಷೆಯೇ ನಡೆದ ಹಾಗಾಯಿತು. ಮಾರುತಿ ಸುಜುಕಿಯ ಬಲೆನೊ ಕಾರಿಗೆ ಟೊಯೊಟಾ ಗುರುತು ಅಂಟಿಸಿ ಗ್ಲಾಂಜಾ ಅಂತ ಮಾರಾಟಕ್ಕೆ ಬಿಟ್ಟರು. ಮಾಡುವವರು ಅವರೇ, ಎಂಜಿನ್ ಅದೇ, ಬಾಗಿಲಿನ ಸದ್ದೂ ಅದೇ. ಒಂದು ವ್ಯತ್ಯಾಸ ಇತ್ತು: ಬಲೆನೊಗೆ ಆಗ ಎರಡು ವರ್ಷ ಅಥವಾ 40,000 ಕಿಲೋಮೀಟರ್ ವಾರಂಟಿ, ಗ್ಲಾಂಜಾಗೆ ಮೂರು ವರ್ಷ ಅಥವಾ 1,00,000 ಕಿಲೋಮೀಟರ್. ಕಬ್ಬಿಣ ಒಂದೇ, ಮಾತು ಬೇರೆ. "ಟೊಯೊಟಾ ಅಂದ್ರೆ ಟೊಯೊಟಾನೇ" ಅಂತ ಗ್ಲಾಂಜಾ ಕೊಂಡ ನನ್ನ ಸ್ನೇಹಿತನಿಗೆ ಬಾನೆಟ್ಟಿನ ಒಳಗೆ ಸುಜುಕಿ ಗುರುತಿರುವ ಭಾಗ ತೋರಿಸಿದೆ. ಎರಡು ದಿನ ಮಾತಾಡಲಿಲ್ಲ.

ಅಮೆರಿಕದಲ್ಲಿ ಇದು ಇನ್ನೂ ಹಳೇ ಕಥೆ. ಕ್ಯಾಲಿಫೋರ್ನಿಯಾದ ಫ್ರೀಮಾಂಟಿನಲ್ಲಿ ಜನರಲ್ ಮೋಟಾರ್ಸ್ ಮತ್ತು ಟೊಯೊಟಾ ಸೇರಿ 1984ರಿಂದ ಒಂದೇ ಕಾರ್ಖಾನೆ ನಡೆಸಿದರು. ಅಲ್ಲಿ ಬಹುತೇಕ ಒಂದೇ ಕಾರು, ಟೊಯೊಟಾ ಕೊರೊಲಾ ಆಗಿಯೂ ಜಿಯೋ ಪ್ರಿಜಮ್ ಆಗಿಯೂ ಹೊರಬರುತ್ತಿತ್ತು. ಜನ ಕೊರೊಲಾಗೆ ಹೆಚ್ಚು ದುಡ್ಡು ಕೊಟ್ಟರು. ಹಳತಾದ ಮೇಲೆ ಪ್ರಿಜಮ್ಮಿನ ಬೆಲೆ ಬೇಗ ಇಳಿಯಿತು. ಸಂಸೆಯ ನಮ್ಮ ಗೆಳೆಯರ ಒಂದು ಲಕ್ಷದ ಲೆಕ್ಕ ಅಲ್ಲೂ ಇತ್ತು, ಡಾಲರಿನಲ್ಲಿ.

ಹೆಸರು ಒಮ್ಮೆ ಕೂತ ಮೇಲೆ ಅದು ತಾನೇ ತನ್ನನ್ನು ಸಾಕಿಕೊಳ್ಳುತ್ತೆ. ಒಳ್ಳೇ ಹೆಸರಿನ ಗಾಡಿ ಕೆಟ್ಟರೆ "ಡ್ರೈವರ್ ಸರಿಯಿಲ್ಲ" ಅಂತೇವೆ. ಕೆಟ್ಟ ಹೆಸರಿನದು ಕೆಟ್ಟರೆ "ನಾನು ಹೇಳಿರ್ಲಿಲ್ವಾ?" ಅಂತೇವೆ. ಇನ್ನು ನಲವತ್ತು ವರ್ಷದ ಜೀಪು ಇನ್ನೂ ಓಡ್ತಿದೆ ಅಂತ ಬೆರಳು ತೋರಿಸುವವರು. ಓಡ್ತಿರೋದು ಕಣ್ಣಿಗೆ ಕಾಣುತ್ತೆ, ಅದರ ಜೊತೆ ಹುಟ್ಟಿ ಗುಜರಿಗೆ ಹೋದವು ಕಾಣೋದಿಲ್ಲ. ಓಡ್ತಿರೋದನ್ನಾದರೂ ಹತ್ತಿರದಿಂದ ನೋಡಿ: ಎಂಜಿನ್ ಎರಡು ಸಲ ಬದಲಾಗಿದೆ, ಗೇರ್ ಬಾಕ್ಸ್ ಬೇರೆ ಜೀಪಿನದ್ದು, ತಗಡು ಮೂಡಿಗೆರೆಯಲ್ಲಿ ಹೊಸದಾಗಿ ಬಡಿಸಿದ್ದು. ನಲವತ್ತು ವರ್ಷ ಬಾಳಿದ್ದು ಆರ್‌ಸಿ ಪುಸ್ತಕ ಮಾತ್ರ.

ಇದೇ ದಾರಿಯಲ್ಲಿ ಇನ್ನೊಂದು ಲೋಕವೂ ಇತ್ತು. ಕುದುರೆಮುಖ ಕಬ್ಬಿಣದ ಅದಿರು ಕಂಪನಿ 1976ರಲ್ಲಿ ಇರಾನಿನ ಹಣದ ಭರವಸೆಯ ಮೇಲೆ ಹುಟ್ಟಿತು. ಆ ಭರವಸೆಯೇ 1979ರ ಕ್ರಾಂತಿಯಲ್ಲಿ ಕೈಕೊಟ್ಟಿತು, ಅದು ಬೇರೆ ವಿಷಯ. ಸುಪ್ರೀಂ ಕೋರ್ಟಿನ ಆದೇಶದ ಪ್ರಕಾರ 2005ರ ಕೊನೆಗೆ ಗಣಿ ನಿಲ್ಲುವವರೆಗೆ ಅಲ್ಲಿ ಮನೆಯಷ್ಟು ಎತ್ತರದ ಡಂಪರುಗಳು ಅದೇ ಮಳೆಯಲ್ಲಿ ಓಡಿದವು. ಗಣಿಯ ಯಂತ್ರಗಳಿಗೆ ಇಷ್ಟು ಗಂಟೆ ಓಡಿದರೆ ಈ ಎಣ್ಣೆ, ಇಷ್ಟು ಗಂಟೆಗೆ ಈ ಫಿಲ್ಟರ್ ಅಂತ ಲೆಕ್ಕ ಇರುತ್ತೆ. ಕೆಟ್ಟಿರಲಿ ಬಿಡಲಿ, ಗಂಟೆ ಆದರೆ ಬದಲಾಯಿಸಲೇಬೇಕು. ಕೆಡೋವರೆಗೆ ಓಡಿಸಿ, ಕೆಟ್ಟ ಮೇಲೆ ಕಂಪನಿಯನ್ನು ಬೈಯುವ ನಮ್ಮ ಪದ್ಧತಿಗೆ ಇದು ಪೂರ್ತಿ ಉಲ್ಟಾ.

ಅಷ್ಟು ದೊಡ್ಡದು ಬೇಡ ಅಂದರೆ ಕೊಪ್ಪದ ಸಹಕಾರ ಸಾರಿಗೆ ಇದೆ. ಖಾಸಗಿ ಬಸ್ ಕಂಪನಿ ಮುಚ್ಚಿದಾಗ ಅದರ ಕೆಲಸಗಾರರೇ 1991ರಲ್ಲಿ ಸಂಘ ಕಟ್ಟಿ ಮಲೆನಾಡಿನ ಉದ್ದಗಲ ಬಸ್ ಓಡಿಸಿದರು. ಆ ಬಸ್ಸುಗಳು ಟಾಟಾನಾ ಲೇಲ್ಯಾಂಡಾ ಅಂತ ಹತ್ತುವವರು ಯಾರೂ ನೋಡಲಿಲ್ಲ. "ಸಹಕಾರ ಬಂತಾ?" ಅಂತ ಕೇಳುತ್ತಿದ್ದರು, ಅಷ್ಟೇ. ಸ್ಟೇರಿಂಗ್ ಹಿಡಿದವನೂ ನಟ್ಟು ಬಿಗಿಸಿದವನೂ ಅದರ ಮಾಲೀಕರೇ. 2020ರ ಫೆಬ್ರವರಿಯಲ್ಲಿ ನಷ್ಟದಿಂದ ಸಂಸ್ಥೆ ನಿಂತಿತು. ಅದರ ಬಸ್ಸಿನ ಹೊತ್ತಿಗೆ ಗಡಿಯಾರ ಸರಿಮಾಡಿಕೊಳ್ಳುತ್ತಿದ್ದೆವು ಅಂತ ಹೇಳುವ ಹಳಬರು ಇನ್ನೂ ಇದ್ದಾರೆ.

ಈಗಿನ ಗಾಡಿಗಳ ವಿಷಯಕ್ಕೆ ಬಂದರೆ ಹಳೇ ಹೆಸರನ್ನು ನಂಬೋದು ಇನ್ನೂ ಕಷ್ಟ. 2020ರ ಏಪ್ರಿಲ್ 1ರಿಂದ ಬಿಎಸ್ 6 ನಿಯಮ ಬಂತು. ಡೀಸೆಲ್ ಗಾಡಿಯ ಹೊಗೆ ಕೊಳವೆಯಲ್ಲಿ ಮಸಿ ಹಿಡಿಯುವ ಜರಡಿ ಕೂತಿತು. ಆ ಮಸಿ ಸುಟ್ಟುಹೋಗಬೇಕಾದರೆ ಗಾಡಿ ಒಂದಷ್ಟು ಹೊತ್ತು ಬಿಸಿಯಾಗಿ, ವೇಗವಾಗಿ ಓಡಬೇಕು. ಕಳಸದಿಂದ ಮನೆಗೆ, ಮನೆಯಿಂದ ಕಳಸಕ್ಕೆ ಎರಡನೇ ಗೇರಿನಲ್ಲಿ ತೆವಳುವವನ ಜರಡಿ ಕಟ್ಟಿಕೊಳ್ಳುತ್ತೆ. ಹೆದ್ದಾರಿಯಲ್ಲಿ ಓಡಿಸುವ ಬೆಂಗಳೂರಿನವನಿಗೆ ಅದೇ ಗಾಡಿ ಚಿನ್ನ. ಇಬ್ಬರೂ ನಿಜವೇ ಹೇಳುತ್ತಿದ್ದಾರೆ. ಇನ್ನೊಂದು ತಮಾಷೆ: ದೋಷ ಕಂಡರೆ ಗಾಡಿಗಳನ್ನು ವಾಪಸ್ ಕರೆಸಿ ಸರಿಮಾಡಿಕೊಡುವ ಪದ್ಧತಿ ನಮ್ಮಲ್ಲಿ 2012ರಲ್ಲಿ ಸ್ವಯಂಪ್ರೇರಿತವಾಗಿ ಶುರುವಾಯಿತು, ಕಾನೂನಿನ ಬಲ ಬಂದದ್ದು 2021ರ ಏಪ್ರಿಲ್‌ನಿಂದ. ಅದಕ್ಕೆ ಮೊದಲು ದೋಷ ಇರಲಿಲ್ಲ ಅಂತಲ್ಲ, ಪೇಪರಿನಲ್ಲಿ ಬರುತ್ತಿರಲಿಲ್ಲ. ಹಳೇ ಕಂಪನಿಗಳ ಅರ್ಧ ಕೀರ್ತಿ ಆ ಕತ್ತಲೆಯಲ್ಲಿ ಬೆಳೆದದ್ದು. ಈಗ ಪ್ರಾಮಾಣಿಕವಾಗಿ ವಾಪಸ್ ಕರೆಸಿದವನದ್ದೇ ಹೆಸರು ಕೆಡುತ್ತೆ!

ಸಂಸೆಯ ಗೆಳೆಯರಿಗೆ ನಾನು ಇದನ್ನೆಲ್ಲ ಹೇಳಲಿಲ್ಲ, ಪಾಪ. ಮೂರು ಗಾಡಿಯ ಸರ್ವಿಸ್ ಪುಸ್ತಕ ತರಿಸಿ ನೋಡಿ, ನಿಮ್ಮ ಮೇಸ್ತ್ರಿಗೆ ಯಾವುದು ಬಿಚ್ಚೋಕೆ ಬರುತ್ತೆ ಅಂತ ಕೇಳಿ ಅಂದೆ. ಆ ಒಂದು ಲಕ್ಷ ಜಾಸ್ತಿಯ ಗಾಡಿಗೆ ಸರ್ವಿಸ್ ಪುಸ್ತಕವೇ ಇರಲಿಲ್ಲ. "ಆ ಕಂಪನಿಗೆ ಪುಸ್ತಕ ಎಂತಕ್ಕೆ?" ಅಂದನಂತೆ ಮಾರುವವನು.

ಅವರು ಇನ್ನೊಂದನ್ನು ತಗೊಂಡರು. ಊರಿನಲ್ಲಿ ಅದಕ್ಕೆ ಅಂಥಾ ಹೆಸರೇನಿಲ್ಲ, ಎರಡು ಜನ ಮುಖ ಸಿಂಡರಿಸಿದ್ದೂ ಆಯ್ತು. ಉಳಿದ ದುಡ್ಡಿನಲ್ಲಿ ನಾಲ್ಕು ಹೊಸ ಟೈರ್, ಬ್ಯಾಟರಿ, ಎಲ್ಲ ಬೆಲ್ಟು, ಎಲ್ಲ ಫಿಲ್ಟರ್ ಹಾಕಿಸಿದರು. ಮೊನ್ನೆ ಕಳಸದ ಪೇಟೆಯಲ್ಲಿ ಸಿಕ್ಕಿದಾಗ ಡಿಕ್ಕಿ ತೆಗೆದು ತೋರಿಸಿದರು. ಹಳೇ ರೇನ್‌ಕೋಟಿನಲ್ಲಿ ಸುತ್ತಿಟ್ಟ ಒಂದು ಬೆಲ್ಟು, ಒಂದು ಫಿಲ್ಟರ್, ಹಗ್ಗ, ಟಾರ್ಚು, ತಾಯಿಯ ಮಾತ್ರೆಯ ಡಬ್ಬಿ. ಪಕ್ಕದಲ್ಲಿ ಒಂದು ಸ್ಪ್ಯಾನರ್. ನಂಬರ್ ನೋಡಿದೆ. ಹದಿಮೂರು.